ಗಿಟಾರಿಗೆ ಸಿಗದ ಗಾಂಧಾರ

ಇಸ್ರೇಲಿನ ಗಾಯಕಿ ಯಾಸ್ಮಿನ್ ಲೆವಿ ಹಾಡಿದ್ದನ್ನು ನನ್ನ ಸಂಗೀತ ತರಗತಿಯಲ್ಲಿ ಕೇಳಿಸಿದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: 'ಇದು ಮಾಯಾಮಾಳವಗೌಳ ರಾಗ ಅಲ್ವಾ ಮೇಡಂ?' ಪೂರ್ತಿ ತಪ್ಪೇನಲ್ಲ. ಆ ರಾಗದ ರಿ, ಗ, ಮ ಎಂದರೆ ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ. ನಮ್ಮಲ್ಲಿ ರಾಗವಿದ್ದಂತೆ ತುರ್ಕಿಯವರಲ್ಲಿ ಮಕಾಮ್; ಅವರ ಹಿಜಾಜ್ ಮಕಾಮಿನ ಬುಡವೂ ಇದೇ. ಅಲ್ಲಿ ರಿಷಭ ಕೂದಲೆಳೆಯಷ್ಟು ಏರಿರುತ್ತದೆ, ಗಾಂಧಾರ ಅಷ್ಟೇ ಇಳಿದಿರುತ್ತದೆ.

ಹಾಡಿನ ಭಾಷೆ ಲಡಿನೋ. 1492ರಲ್ಲಿ ಸ್ಪೇನ್ ಹೊರಹಾಕಿದ ಯಹೂದಿಗಳ ಜತೆ ಹೊರಟ ಹಳೆಯ ಸ್ಪ್ಯಾನಿಷ್ ಅದು. ತುರ್ಕಿಯ ಇಸ್ತಾಂಬುಲ್, ಇಜ್ಮಿರ್, ಗ್ರೀಸಿನ ಥೆಸಲೋನಿಕಿಗಳಲ್ಲಿ ತುರ್ಕಿ, ಗ್ರೀಕ್ ಮಾತುಗಳೂ ಸೇರಿಕೊಂಡವು. ಹಾಡುತ್ತಿದ್ದವರು ಹೆಚ್ಚಾಗಿ ಹೆಂಗಸರು. ತೊಟ್ಟಿಲ ಪಕ್ಕ, ಮದುವೆ ಮನೆಯಲ್ಲಿ. ವಾದ್ಯವೆಂದರೆ ನಮ್ಮ ದಮ್ಮಡಿಯಂಥ ಪಾಂಡೇರೋ, ಅದೂ ಇದ್ದರೆ. 1943ರಲ್ಲಿ ನಾಜಿಗಳು ಥೆಸಲೋನಿಕಿಯ ಯಹೂದಿಗಳನ್ನು ಆಷ್‌ವಿಟ್ಸ್‌ಗೆ ಸಾಗಿಸಿದಾಗ ಎಷ್ಟೋ ಹಾಡು ಹಾಡುವವರೊಡನೆಯೇ ಹೋದವು.

ಉಳಿದದ್ದನ್ನು ಹುಡುಕಿ ಸ್ವರಲಿಪಿಗೆ ಇಳಿಸಿದವರಲ್ಲಿ ಯಾಸ್ಮಿನ್ ಅವರ ತಂದೆ ಇಸಾಕ್ ಲೆವಿ ಪ್ರಮುಖರು. ತುರ್ಕಿಯ ಮನಿಸಾದಲ್ಲಿ ಹುಟ್ಟಿ ಇಸ್ರೇಲ್ ರೇಡಿಯೊದಲ್ಲಿ ದುಡಿದವರು. ಮಗಳು ಹುಟ್ಟಿದ್ದು 1975ರಲ್ಲಿ, ಅವರು ತೀರಿಕೊಂಡದ್ದು 1977ರಲ್ಲಿ. ಹೀಗಾಗಿ ಅಪ್ಪನಿಂದ ಪಾಠವಾಗಲಿಲ್ಲ. ಸಿಕ್ಕಿದ್ದು ಪುಸ್ತಕ, ಧ್ವನಿಮುದ್ರಣ.

ಸ್ಪೇನಿನ ಸೆವಿಲ್ಲೆಯಲ್ಲಿ, ಗಿಟಾರ್ ಜತೆಗಿನ ಅಲ್ಲಿನ ಹಾಡು-ಕುಣಿತದ ಕಲೆಯಾದ ಫ್ಲಮೆಂಕೊ ಕಲಿತ ಯಾಸ್ಮಿನ್ ಈ ಹಾಡುಗಳಿಗೆ ಗಿಟಾರ್ ಕೂಡಿಸಿದರು. 'ಹಾಡು ತವರಿಗೆ ಮರಳಿತು' ಎಂದು ಬರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಯಹೂದಿಗಳು ಹೊರಟು ಶತಮಾನಗಳಾದ ಮೇಲೆ ರೂಪುಗೊಂಡದ್ದು ಫ್ಲಮೆಂಕೊ. ಇದು ಹೊಸ ನೆಂಟಸ್ತಿಕೆ, ಹಾಗೆಂದೇ ಕರೆಯೋಣ. ಈ ನೆಂಟಸ್ತಿಕೆಗೆ ತೆತ್ತ ಬೆಲೆಯೂ ಇದೆ. ಗಿಟಾರಿನ ಮೆಟ್ಟಿಲುಗಳು (ಫ್ರೆಟ್) ಅಲುಗುವುದಿಲ್ಲ. ಮೂರ್ನಾಲ್ಕು ತಂತಿ ಒಟ್ಟಿಗೆ ನುಡಿದಾಗ ಗಾಯಕಿಯ ಗಾಂಧಾರವೂ ಇಳಿಯದೆ ಆ ಮೆಟ್ಟಿಲಿನ ಸ್ವರಕ್ಕೇ ಬಂದು ಕೂರಬೇಕು. ಇನ್ನು ಬಿಕ್ಕುವಂಥ ಆ ಕಂಠ! ದೊಡ್ಡ ಸಭಾಂಗಣಕ್ಕೆ ಅದು ಬೇಕು, ತೊಟ್ಟಿಲಿಗೆ ಜಾಸ್ತಿಯಾಯಿತು. ಅನುಕರಿಸಬೇಡಿ ಎಂದು ನನ್ನ ಶಿಷ್ಯರಿಗೆ ಹೇಳಿಟ್ಟಿದ್ದೇನೆ, ಗಂಟಲಿಗೆ ಆಗಿಬರುವುದಿಲ್ಲ.

ಹಾಗಂತ ಶುದ್ಧತೆಯ ವಾದಕ್ಕೂ ನಾನಿಲ್ಲ. 2009ರ 'ಸೆಂಟಿರ್' ಆಲ್ಬಮ್ಮಿನಲ್ಲಿ ಯಾಸ್ಮಿನ್ ಅಪ್ಪನ ಹಳೆಯ ಧ್ವನಿಮುದ್ರಣದ ಜತೆ ದನಿಗೂಡಿಸಿ 'ಉನಾ ಪಾಸ್ತೋರಾ' ಹಾಡಿದ್ದಾರೆ. ಕುರಿ ಕಾಯುವ ಹುಡುಗಿಯ ಮೇಲಿನ ಪ್ರೀತಿಯ ಹಾಡು. ಸ್ಪೇನಿನಿಂದ ಹೊತ್ತು ತಂದದ್ದೆಂದು ಅನ್ನಿಸಬಹುದು. ಮೂಲ ಮಾತ್ರ ಹತ್ತೊಂಬತ್ತನೇ ಶತಮಾನದ ಗ್ರೀಕ್ ಕವಿತೆ.

ತರಗತಿಯಲ್ಲಿ ಆಮೇಲೆ ಗಿಟಾರ್ ನಿಲ್ಲಿಸಿ, ತಂಬೂರಿ ಹಾಕಿ, ಹಿಜಾಜಿನ ಒಂದು ಸಾಲನ್ನು ಹಾಡಿಸುತ್ತೇನೆ. ಎರಡು ಮೂರು ಸಲವಾಗುವಷ್ಟರಲ್ಲಿ, ಹೇಳಿಕೊಡದಿದ್ದರೂ, ಗಾಂಧಾರ ಒಂದಿಷ್ಟು ಕೆಳಗಿಳಿದು ಕೂತಿರುತ್ತದೆ.