ಅದು ನಗುವಲ್ಲ ಸ್ವಾಮಿ, ಹಲ್ಲು ಗಿಂಜೋದು

ಪ್ರಶ್ನೆ: ಮೈಸೂರು ಝೂನಲ್ಲಿ ಚಿಂಪಾಂಜಿ ನಮ್ಮ ಕಡೆ ತಿರುಗಿ ಹಲ್ಲು ಬಿಟ್ಟು ನಕ್ಕಿತು. ಮಗಳಿಗೆ ಖುಷಿಯೋ ಖುಷಿ. ಸಂತೋಷ ಆದಾಗ ಅವಕ್ಕೂ ನಮ್ಮ ಹಾಗೇ ನಗು ಬರುತ್ತಾ?

ಬೇಸಿಗೆ ರಜೆ ಶುರುವಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಹೋದ ವರ್ಷವೂ ಬಂದಿತ್ತು, ಅದರ ಹಿಂದಿನ ವರ್ಷವೂ ಬಂದಿತ್ತು. ಒಬ್ಬರು ಮೊಬೈಲಿನಲ್ಲಿ ಜೂಮ್ ಮಾಡಿ ತೆಗೆದ ಫೋಟೊನೇ ಕಳಿಸಿದ್ದರು. ಎರಡೂ ಸಾಲು ಹಲ್ಲು, ಜೊತೆಗೆ ಒಸಡು. ಕೆಳಗೆ ‘ಎಷ್ಟು ಖುಷಿಯಾಗಿದೆ ನೋಡಿ’ ಅಂತ ಬರೆದಿದ್ದರು. ಪಾಪ, ಅದು ಖುಷಿಯಾಗಿರಲಿಲ್ಲ.

ಚಿಂಪಾಂಜಿಗೆ ನಗು ಬರುತ್ತದೆ, ಅದರಲ್ಲಿ ಅನುಮಾನ ಬೇಡ. ಆದರೆ ನೀವು ನೋಡಿದ್ದು ಆ ನಗುವನ್ನಲ್ಲ.

ಇದನ್ನು ಬೇರೆ ಭಾಷೆಯವರಿಗೆ ವಿವರಿಸಲು ಒದ್ದಾಡಬೇಕು. ಕನ್ನಡದವರಿಗೆ ಒಂದೇ ಮಾತು ಸಾಕು. ನಮ್ಮಲ್ಲಿ ನಗೋದು ಬೇರೆ, ಹಲ್ಲು ಗಿಂಜೋದು ಬೇರೆ. ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದು, ‘ಸಾರ್, ಇದೊಂದ್ ಸಲ ಬಿಟ್ಬಿಡಿ ಸಾರ್’ ಅನ್ನುವಾಗಲೂ ಮುಖದಲ್ಲಿ ಹಲ್ಲು ಕಾಣುತ್ತದಲ್ಲ? ಅದನ್ನು ಯಾರಾದರೂ ನಗು ಅಂತಾರಾ? ನಿಮ್ಮ ಚಿಂಪಾಂಜಿ ಮಾಡಿದ್ದೂ ಅದೇ. ಹಲ್ಲು ಗಿಂಜಿತು.

ನನಗೂ ಇದು ಹುಟ್ಟಿನಿಂದ ಗೊತ್ತಿದ್ದ ವಿಷಯವೇನಲ್ಲ. ಮೇಷ್ಟ್ರಾಗಿ ಸೇರಿದ ಹೊಸದರಲ್ಲಿ ಮಕ್ಕಳನ್ನು ಝೂಗೆ ಕರೆದುಕೊಂಡು ಹೋಗಿ, ‘ನೋಡ್ರೋ, ಎಷ್ಟು ಚೆನ್ನಾಗಿ ನಗ್ತಿದೆ’ ಅಂದಿದ್ದೆ. ಪಕ್ಕದಲ್ಲಿ ಬಕೆಟ್ ಹಿಡಿದು ನಿಂತಿದ್ದ ಪ್ರಾಣಿಪಾಲಕರು ಮೆಲ್ಲಗೆ, ‘ಮೇಷ್ಟ್ರೇ, ನಗ್ತಾ ಇಲ್ಲ ಅದು. ಹಿಂದೆ ದೊಡ್ಡದು ಬರ್ತಾ ಇದೆ ನೋಡಿ’ ಅಂದರು. ನೋಡಿದರೆ ಮೈಮೇಲಿನ ಕೂದಲೆಲ್ಲ ನಿಗುರಿಸಿಕೊಂಡು ಗಂಡು ಚಿಂಪಾಂಜಿ ಬರುತ್ತಿತ್ತು. ಹಲ್ಲು ಬಿಟ್ಟಿದ್ದ ಮರಿ ಕುಕ್ಕರಗಾಲಲ್ಲಿ ಮುದುಡಿ ಕೂತು ಕೈ ಚಾಚಿತು. ದೊಡ್ಡದು ಆ ಕೈ ಮುಟ್ಟಿ ಮುಂದೆ ಹೋಯಿತು. ಮರಿಯ ತುಟಿ ಮುಚ್ಚಿಕೊಂಡಿತು. ಬಿಎಸ್ಸಿಯಲ್ಲಿ ಮೂರು ವರ್ಷ ಓದಿದ್ದಕ್ಕಿಂತ ಜಾಸ್ತಿ ಆ ಅರ್ಧ ನಿಮಿಷದಲ್ಲಿ ಕಲಿತೆ.

ಈ ತಪ್ಪು ತಿಳಿವಳಿಕೆ ಇಷ್ಟು ಗಟ್ಟಿಯಾಗಿ ಕೂತಿರುವುದಕ್ಕೆ ಕಾರಣ ಕ್ಯಾಲೆಂಡರು, ಗ್ರೀಟಿಂಗ್ ಕಾರ್ಡು, ಜಾಹೀರಾತು. ಅಂಗಿ ಟೋಪಿ ಹಾಕಿ, ಹಲ್ಲು ಕಿಸಿದ ಚಿಂಪಾಂಜಿಯನ್ನು ತೋರಿಸಿ ತೋರಿಸಿ ನಮ್ಮ ಕಣ್ಣಿಗೆ ಅದೇ ಅಭ್ಯಾಸವಾಗಿದೆ. ಅಮೆರಿಕದವರು 1961ರ ಜನವರಿ 31ರಂದು ಹ್ಯಾಮ್ ಎಂಬ ಚಿಂಪಾಂಜಿಯನ್ನು ರಾಕೆಟ್ಟಿನಲ್ಲಿ ಕೂರಿಸಿ ಮೇಲಕ್ಕೆ ಕಳಿಸಿದರು. ಹದಿನಾರು ನಿಮಿಷಕ್ಕೂ ಸ್ವಲ್ಪ ಜಾಸ್ತಿ ಹಾರಾಟ, ಆಮೇಲೆ ಸೀದಾ ಸಮುದ್ರಕ್ಕೆ. ತರಬೇತಿಯಲ್ಲಿ ತಪ್ಪು ಮಾಡಿದರೆ ಅಂಗಾಲಿಗೆ ಕರೆಂಟು ಶಾಕ್. ಹಲ್ಲು ಕಾಣುವ ಅವನ ಫೋಟೊ ನೋಡಿ ಜನ ‘ಎಂಥ ಧೈರ್ಯ, ನಗ್ತಾ ಬಂದಿದ್ದಾನೆ’ ಅಂದುಕೊಂಡರು. ವರ್ಷಗಟ್ಟಲೆ ಕಾಡಿನಲ್ಲಿ ಚಿಂಪಾಂಜಿಗಳ ಜೊತೆ ಇದ್ದ ಜೇನ್ ಗುಡಾಲ್ ಅದೇ ಮುಖ ನೋಡಿ, ಅದು ವಿಪರೀತ ಭಯ ಅಂದರು. ಇನ್ನೊಂದು ಫೋಟೊ ಬೇಕು ಅಂತ ಮತ್ತೆ ಆ ಸೀಟಿನಲ್ಲಿ ಕೂರಿಸಲು ಹೋದಾಗ, ಹ್ಯಾಮ್ ಏನು ಮಾಡಿದರೂ ಕೂರಲಿಲ್ಲ. ಖುಷಿಯಾಗಿದ್ದವನು ಹೀಗೆ ಮಾಡ್ತಾನಾ?

ಹಾಗಂತ ಹಲ್ಲು ಕಂಡಾಗಲೆಲ್ಲ ಭಯ ಅಂತಲೂ ಅಲ್ಲ. ‘ನಾನು ನಿನಗೆ ಎದುರಲ್ಲ ಮಾರಾಯ’ ಅಂತ ಸಮಾಧಾನ ಮಾಡುವುದಕ್ಕೂ ಅದೇ ಮುಖ ಬರುತ್ತದೆ. ಡಚ್ ವಿಜ್ಞಾನಿ ಯಾನ್ ವಾನ್ ಹೂಫ್ 1972ರಲ್ಲೇ ಒಂದು ಮಾತು ಹೇಳಿದರು. ನಮ್ಮ ಮುಗುಳ್ನಗೆಯ ಬೇರು ಈ ಸದ್ದಿಲ್ಲದ ಹಲ್ಲು ಗಿಂಜುವಿಕೆಯಲ್ಲಿದೆ, ಗಹಗಹಿಸುವ ನಗುವಿನ ಬೇರು ಆಟವಾಡುವಾಗ ಬಾಯಿ ತೆರೆದು ಮಾಡುವ ಮುಖದಲ್ಲಿದೆ ಅಂತ. ಅಂದರೆ ನಮ್ಮ ಎರಡು ಥರದ ನಗುವಿಗೆ ಎರಡು ಬೇರೆ ಬೇರೆ ಮೂಲ. ಮದುವೆ ಮನೆಯಲ್ಲಿ ಹೆಸರೇ ನೆನಪಾಗದ ನೆಂಟರು ಎದುರು ಬಂದಾಗ ನೀವು ಬೀರುವ ನಗು ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ಲ.

ಸರಿ, ನಿಜವಾದ ನಗು ಹೇಗಿರುತ್ತದೆ? ಕೆಳದವಡೆ ಸಡಿಲವಾಗಿ ಜೋತು ಬೀಳುತ್ತದೆ. ಬಾಯಿ ಅಗಲವಾಗಿ ತೆರೆಯುತ್ತದೆ. ಮೇಲಿನ ಹಲ್ಲು ಮಾತ್ರ ಹೆಚ್ಚಾಗಿ ತುಟಿಯೊಳಗೇ ಇರುತ್ತದೆ. ಸದ್ದು ನಮ್ಮ ‘ಹಹಹ’ ಅಲ್ಲ, ಓಡಿ ಬಂದವರ ಏದುಸಿರಿನ ಹಾಗೆ. ಅಂಗೈಯನ್ನು ಬಾಯಿ ಮುಂದೆ ಹಿಡಿದು ಒಮ್ಮೆ ನಕ್ಕು ನೋಡಿ, ಉಸಿರು ಬರೀ ಹೊರಗೆ ಬರುತ್ತದೆ. ಚಿಂಪಾಂಜಿ ಉಸಿರು ಒಳಗೆ ಎಳೆಯುವಾಗಲೂ ನಗುತ್ತದೆ, ಬಿಡುವಾಗಲೂ ನಗುತ್ತದೆ. ಕಚಗುಳಿ ಇಟ್ಟರೆ, ಅಟ್ಟಾಡಿಸಿಕೊಂಡು ಓಡಿದರೆ ಬರುವ ನಗು ಇದು. ಸಂಶೋಧಕಿ ಮರೀನಾ ಡಾವಿಲಾ ರಾಸ್ ಮತ್ತು ಅವರ ಜೊತೆಗಾರರು ಒರಾಂಗುಟಾನ್, ಗೊರಿಲ್ಲಾ, ಚಿಂಪಾಂಜಿ, ಬೊನೊಬೊ ಮರಿಗಳಿಗೂ ನಮ್ಮ ಕೂಸುಗಳಿಗೂ ಕಚಗುಳಿ ಇಟ್ಟಾಗಿನ ಸದ್ದನ್ನು ಹೋಲಿಸಿ 2009ರಲ್ಲಿ ಪ್ರಕಟಿಸಿದರು. ಸದ್ದಿನ ಮೇಲೆ ವಂಶವೃಕ್ಷ ಬರೆದರೆ ಅದು ಜೀನ್‌ಗಳ ವಂಶವೃಕ್ಷಕ್ಕೆ ಸರಿಯಾಗಿ ಹೊಂದಿಕೊಂಡಿತು. ಕಚಗುಳಿಗೆ ನಗುವುದು ಕೋಟಿ ವರ್ಷದ ಆಚೆಯಿಂದ ಬಂದ ಅಭ್ಯಾಸ.

ಹೋಲಿಕೆ ಇಲ್ಲ ಅಂತ ನಾನು ಎಲ್ಲೂ ಹೇಳುತ್ತಿಲ್ಲ. 1838ರಲ್ಲಿ ಲಂಡನ್ ಝೂನಲ್ಲಿ ಡಾರ್ವಿನ್ ಜೆನ್ನಿ ಎಂಬ ಒರಾಂಗುಟಾನನ್ನು ನೋಡಿದರು. ಪಾಲಕ ಸೇಬು ತೋರಿಸಿ ಕೊಡಲಿಲ್ಲ. ಜೆನ್ನಿ ಅಂಗಾತ ಬಿದ್ದು, ಕಾಲು ಝಾಡಿಸಿ, ಹಟಮಾರಿ ಮಗುವಿನ ಹಾಗೆ ಅತ್ತಳು. ಅದೇ ನಾಟಕವನ್ನು ಝೂ ಗೇಟಿನ ಹೊರಗೆ ಬಾಂಬೆ ಮಿಠಾಯಿಯವನ ಮುಂದೆ ಯಾವ ಭಾನುವಾರ ಬೇಕಾದರೂ ನೋಡಬಹುದು.

ಯಾರೂ ಕೇಳದ ಪ್ರಶ್ನೆ ಒಂದಿದೆ, ನನಗೆ ಅದೇ ಜಾಸ್ತಿ ಇಷ್ಟ. ಅವು ನಮ್ಮನ್ನು ಅಣಕಿಸುತ್ತವೆ ಅಂತೀವಲ್ಲ, ನಾವು? ಚಿಂಪಾಂಜಿ ಮುಂದೆ ನಿಂತ ದೊಡ್ಡವರನ್ನು ಗಮನಿಸಿ. ಇಸ್ತ್ರಿ ಮಾಡಿದ ಅಂಗಿ, ಜೇಬಲ್ಲಿ ಪೆನ್ನು. ಎರಡೇ ನಿಮಿಷದಲ್ಲಿ ಕಂಕುಳು ಕೆರೆದುಕೊಂಡು ‘ಹೂ ಹೂ’ ಅಂತ ಕೂಗುತ್ತಿರುತ್ತಾರೆ. ಸ್ವೀಡನ್ನಿನ ಫುರುವಿಕ್ ಝೂನಲ್ಲಿ ಸಂಶೋಧಕರು ಕೂತು ಇದನ್ನೇ ಲೆಕ್ಕ ಹಾಕಿದರು. ಚಿಂಪಾಂಜಿಗಳು ಜನರನ್ನು ಎಷ್ಟು ಅನುಕರಿಸಿದವೋ, ಜನರೂ ಹೆಚ್ಚುಕಮ್ಮಿ ಅಷ್ಟೇ ಅವನ್ನು ಅನುಕರಿಸಿದ್ದರು. ಎರಡೂ ಕಡೆ, ಮಾಡಿದ ಹತ್ತು ಚೇಷ್ಟೆಯಲ್ಲಿ ಸುಮಾರು ಒಂದು ಅನುಕರಣೆ. ಚಪ್ಪಾಳೆಗೆ ಚಪ್ಪಾಳೆ, ಮುತ್ತಿಗೆ ಮುತ್ತು. ಹೀಗೆ ಮಾಡಿದಾಗ ಆಟ ಇನ್ನಷ್ಟು ಹೊತ್ತು ನಡೆಯುತ್ತಿತ್ತು.

ಮುಂದಿನ ಸಲ ಹೋದಾಗ ಮಗಳಿಗೆ ಮೇಲಿನ ತುಟಿ ನೋಡು ಅಂತ ಹೇಳಿಕೊಡಿ. ಮೇಲಿನ ಹಲ್ಲು ಕಂಡರೆ ಸುಮ್ನೆ ಎರಡು ಹೆಜ್ಜೆ ಹಿಂದೆ ಸರಿದು, ಸುತ್ತ ದೊಡ್ಡದು ಯಾವುದಾದರೂ ಇದೆಯಾ ನೋಡಿ. ಮಂಗಳವಾರ ಮಾತ್ರ ಹೋಗಬೇಡಿ, ಝೂಗೆ ರಜ.