ಟೆರ್ವಾರ್: ನೆಲಕ್ಕಿಂತ ದೊಡ್ಡದಾದ ನೆಲೆ

ಫ್ರಾನ್ಸಿನ ಬರ್ಗಂಡಿ ಸೀಮೆಯಲ್ಲಿ ಕೋಟ್ ದೋರ್ ಎಂಬ ಉದ್ದನೆಯ ಇಳಿಜಾರಿದೆ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ಚಾಚಿಕೊಂಡಿದ್ದರೂ ಅಗಲದಲ್ಲಿ ಒಂದೆರಡು ಕಿಲೋಮೀಟರ್ ದಾಟುವುದು ಅಪರೂಪ. ಇಲ್ಲಿ ಕೆಂಪು ವೈನಿಗೆ ಪೀನೋ ನ್ವಾರ್ ದ್ರಾಕ್ಷಿ, ಬಿಳಿ ವೈನಿಗೆ ಶಾರ್ಡನೇ. ಬೇರೆ ತಳಿಗಳಿಗೆ ಹೆಚ್ಚು ಜಾಗವಿಲ್ಲ. ಅಕ್ಕಪಕ್ಕದ ತೋಟದವರು ಬಳ್ಳಿ ಬೆಳೆಸುವ, ರಸ ಹುದುಗಿಸುವ ರೀತಿಯೂ ಹೆಚ್ಚುಕಡಿಮೆ ಒಂದೇ. ಹಾಗಿದ್ದೂ ಇಳಿಜಾರಿನ ನಡುಪಟ್ಟಿಯ ಕೆಲವು ಹೊಲಗಳಿಗೆ ‘ಗ್ರಾಂ ಕ್ರೂ’ ಎಂಬ ಎಲ್ಲಕ್ಕಿಂತ ಮೇಲಿನ ದರ್ಜೆ ಸಿಕ್ಕಿದ್ದರೆ, ಕೆಳಗೆ ಹಾದುಹೋಗುವ ಹೆದ್ದಾರಿಯಾಚೆ ಬಯಲಿನಲ್ಲಿ ಬೆಳೆದದ್ದು ಬಹುಪಾಲು ಸಾಮಾನ್ಯ ಬರ್ಗಂಡಿ ಎನಿಸಿಕೊಳ್ಳುತ್ತದೆ. ನಡೆದು ಹೋಗುವಷ್ಟು ಹತ್ತಿರ. ತಳಿ ಅದೇ, ವರ್ಷ ಅದೇ, ಬೆಳೆದ ಕೈಯೂ ಎಷ್ಟೋ ಸಲ ಅದೇ. ಬೇರೆಯಾದದ್ದು ಜಾಗ ಮಾತ್ರ. ಜಾಗದಿಂದ ವೈನಿಗೆ ಬರುವ ಈ ಬೇರೆತನಕ್ಕೆ ಫ್ರೆಂಚರು ಇಟ್ಟ ಹೆಸರು ಟೆರ್ವಾರ್.

ಪದದ ಬೇರು ಲ್ಯಾಟಿನ್ನಿನ ‘ಟೆರ್ರಾ’, ಅಂದರೆ ಭೂಮಿ. ಅದಕ್ಕೇ ಇದನ್ನು ಮಣ್ಣು, ಮಣ್ಣಿನ ಗುಣ ಎಂದೆಲ್ಲ ಅನುವಾದಿಸುವುದು ರೂಢಿ. ಆದರೆ ಟೆರ್ವಾರ್ ಎಂದಾಗ ಮಣ್ಣಿನ ಜೊತೆಗೆ ಇಳಿಜಾರಿನ ದಿಕ್ಕು, ಎತ್ತರ, ಬಿಸಿಲು, ಗಾಳಿ, ಮಳೆ, ರಾತ್ರಿಯ ತಂಪು, ಅಷ್ಟೇ ಅಲ್ಲ, ಆ ಜಾಗದಲ್ಲಿ ತಲೆಮಾರುಗಳಿಂದ ಬಳ್ಳಿ ಬೆಳೆಸಿದವರ ತಿಳಿವಳಿಕೆ ಕೂಡ ಸೇರುತ್ತದೆ. ಕನ್ನಡದಲ್ಲಿ ‘ನೆಲ’ ಮತ್ತು ‘ನೆಲೆ’ ಎಂಬ ಎರಡು ಮಾತುಗಳಿವೆಯಲ್ಲ, ಅವುಗಳ ನಡುವಿನ ಅಂತರವನ್ನು ನೆನೆದರೆ ಈ ಪದ ಬೇಗ ಹಿಡಿತಕ್ಕೆ ಸಿಗುತ್ತದೆ. ನೆಲ ಎಂದರೆ ಕಾಲಡಿಯ ಭೂಮಿ. ನೆಲೆ ಎಂದರೆ ಒಂದು ಜೀವ ಬೇರೂರಿ, ಹೊಂದಿಕೊಂಡು, ನಿಂತ ತಾಣ. ಟೆರ್ವಾರ್ ಎಂದರೆ ಬಳ್ಳಿಯ ನೆಲೆ.

ಕುತೂಹಲದ ಸಂಗತಿಯೊಂದಿದೆ. ಈ ಪದ ಮೊದಲಿನಿಂದಲೂ ಹೊಗಳಿಕೆಯಾಗಿರಲಿಲ್ಲ. ಕೆಲವು ಶತಮಾನಗಳ ಹಿಂದೆ ಒಂದು ವೈನಿನಲ್ಲಿ ‘ಟೆರ್ವಾರ್‌ನ ರುಚಿ’ ಇದೆ ಎಂದರೆ ಅದು ಒರಟು, ಮಣ್ಣುಮಣ್ಣು, ನಯವಿಲ್ಲದ್ದು ಎಂದೇ ಅರ್ಥ. ದೂರು ಹೊಗಳಿಕೆಯಾಗಿ ತಿರುಗಿದ್ದು ತಡವಾಗಿ, ಮೂಲದ ಹೆಸರಿಗೆ ಬೆಲೆ ಬಂದ ಮೇಲೆ.

ಜಾಗ ಹಣ್ಣಿನೊಳಗೆ ಹೇಗೆ ಇಳಿಯುತ್ತದೆ ಎಂದು ತಿಳಿಯಲು ಬಳ್ಳಿಯ ವರ್ಷವನ್ನು ನೋಡಬೇಕು. ವೈನಿಗೆ ಬಳಸುವ ದ್ರಾಕ್ಷಿ ಬಹುಪಾಲು ವೈಟಿಸ್ ವಿನಿಫೆರಾ ಎಂಬ ಒಂದೇ ಪ್ರಭೇದದ್ದು. ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವ ಈ ಬಳ್ಳಿ, ದಿನದ ಸರಾಸರಿ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರಿದಾಗ ಚಿಗುರುತ್ತದೆ. ಹೂವಿನಿಂದ ಕೊಯ್ಲಿನವರೆಗೆ ಸುಮಾರು 100 ದಿನ. ಈ ದಿನಗಳ ನಡುವೆ ಒಂದು ತಿರುವಿದೆ: ಹಸಿರಾಗಿ ಗಟ್ಟಿಯಾಗಿದ್ದ ಕಾಯಿ ಮೆತ್ತಗಾಗಿ ಬಣ್ಣ ತಿರುಗುವ ಹೊತ್ತು. ಅಲ್ಲಿಂದಾಚೆ ಸಕ್ಕರೆ ಏರುತ್ತ, ಹುಳಿ ಇಳಿಯುತ್ತ ಹೋಗುತ್ತದೆ. ಸಿಪ್ಪೆಯಲ್ಲಿ ಬಣ್ಣ ಮತ್ತು ಪರಿಮಳ ತುಂಬಿಕೊಳ್ಳುತ್ತವೆ, ಒಗರು ಮಾಗುತ್ತದೆ. ಬಿಸಿಲು ಜಾಸ್ತಿಯಾದರೆ ಸಕ್ಕರೆ ಓಡುತ್ತದೆ, ಹುಳಿ ಬಿದ್ದುಹೋಗುತ್ತದೆ, ವೈನ್ ಭಾರವಾಗಿ ಸಪ್ಪೆಯಾಗುತ್ತದೆ. ಬಿಸಿಲು ಸಾಲದಿದ್ದರೆ ಹುಳಿ ಉಳಿದು ಹಣ್ಣು ಹಸಿಹಸಿಯಾಗುತ್ತದೆ. ಒಳ್ಳೆಯ ನೆಲೆ ಎಂದರೆ ಈ ಎರಡೂ ಓಟಗಳು ಒಂದೇ ಹೊತ್ತಿಗೆ ಗುರಿ ಮುಟ್ಟುವ ಜಾಗ.

ಪ್ರಪಂಚದ ಹೆಸರಾಂತ ವೈನ್ ಸೀಮೆಗಳೆಲ್ಲ ಹೆಚ್ಚಾಗಿ ಎರಡೂ ಗೋಲಾರ್ಧಗಳ 30ರಿಂದ 50 ಡಿಗ್ರಿ ಅಕ್ಷಾಂಶಗಳ ನಡುವೆ ಸಿಗುವುದು ಇದರಿಂದಲೇ. ಕ್ಯಾಲಿಫೋರ್ನಿಯಾದಲ್ಲಿ ಅಮರೀನ್ ಮತ್ತು ವಿಂಕ್ಲರ್ ಎಂಬ ಇಬ್ಬರು ವಿಜ್ಞಾನಿಗಳು 1944ರಲ್ಲಿ ಬೆಳೆಗಾಲದ ಒಟ್ಟು ಶಾಖವನ್ನು ಲೆಕ್ಕಹಾಕಿ ಪ್ರದೇಶಗಳನ್ನು ಐದು ವಲಯಗಳಾಗಿ ವಿಂಗಡಿಸಿದರು. ಆ ಲೆಕ್ಕ ಇವತ್ತಿಗೂ ಬಳಕೆಯಲ್ಲಿದೆ. ಆದರೆ ಅಕ್ಷಾಂಶವೊಂದೇ ನಿರ್ಣಯಿಸುವುದಿಲ್ಲ. ಅರ್ಜೆಂಟೀನಾದ ಮೆಂಡೋಜಾದಲ್ಲಿ ಹಲವು ತೋಟಗಳು ಆಂಡಿಸ್ ಬೆಟ್ಟಸಾಲಿನ ಬುಡದಲ್ಲಿ, 1000 ಮೀಟರಿಗೂ ಮೇಲೆ ಇವೆ. ಹಗಲಿನ ಬಿಸಿಲು ಸುಡುವಂಥದು, ರಾತ್ರಿ ಚಳಿ. ಆ ಚಳಿಯೇ ಹಣ್ಣಿನ ಹುಳಿಯನ್ನು ಕಾಯುತ್ತದೆ. ಜರ್ಮನಿಯ ಮೋಸೆಲ್ ನದಿಯ ದಂಡೆಯಲ್ಲಿ ಕಷ್ಟ ಇದಕ್ಕೆ ತದ್ವಿರುದ್ಧ. ಅಲ್ಲಿ ಬಿಸಿಲೇ ಕಡಿಮೆ. ಆದ್ದರಿಂದ ರೀಸ್ಲಿಂಗ್ ಬಳ್ಳಿಗಳನ್ನು ದಕ್ಷಿಣಕ್ಕೆ ಮುಖಮಾಡಿದ ಕಡಿದಾದ ಗುಡ್ಡದ ಮೈಗೆ ನೆಟ್ಟಿದ್ದಾರೆ. ಕಪ್ಪು ಸ್ಲೇಟ್ ಕಲ್ಲಿನ ಚೂರುಗಳು ಹಗಲೆಲ್ಲ ಕಾದು, ಸಂಜೆ ಆ ಶಾಖವನ್ನು ಬಳ್ಳಿಗೆ ಬಿಟ್ಟುಕೊಡುತ್ತವೆ. ಬ್ರೆಮ್ ಎಂಬಲ್ಲಿನ ಕಾಲ್ಮಾಂಟ್ ತೋಟದ ಓರೆ ಕೆಲವೆಡೆ 65 ಡಿಗ್ರಿ ಮುಟ್ಟುತ್ತದೆ. ಅಂಥ ಗೋಡೆಯಂಥ ಮೈಯಲ್ಲಿ ಕೈಯಿಂದಲೇ ಗೊಂಚಲು ಕೊಯ್ಯುವವರ ದುಡಿಮೆಯನ್ನು ಬಿಟ್ಟು ಮೋಸೆಲ್‌ನ ವೈನಿನ ಬಗ್ಗೆ ಮಾತಾಡುವುದೇ ತಪ್ಪು ಎಂದು ನನಗನ್ನಿಸುತ್ತದೆ.

ಈಗ ಮಣ್ಣಿನ ಮಾತು. ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿ. ಸ್ಲೇಟ್ ಮೇಲೆ ಬೆಳೆದ ವೈನಿನಲ್ಲಿ ಸ್ಲೇಟ್‌ನ ರುಚಿ, ಸುಣ್ಣಕಲ್ಲಿನ ಮೇಲೆ ಬೆಳೆದದ್ದರಲ್ಲಿ ಸುಣ್ಣದ ರುಚಿ ಬರುತ್ತದೆ ಎಂದು ಬಹಳ ಕಡೆ ಬರೆಯುತ್ತಾರೆ. ಬೇರು ಕಲ್ಲನ್ನು ಹೀರುವುದಿಲ್ಲ. ನೀರಿನಲ್ಲಿ ಕರಗಿದ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳಂಥ ಪೋಷಕಾಂಶಗಳನ್ನಷ್ಟೇ ಅದು ತೆಗೆದುಕೊಳ್ಳುವುದು. ವೈನಿನಲ್ಲಿ ಅವು ಉಳಿಯುವ ಪ್ರಮಾಣದಲ್ಲಿ ನಾಲಗೆಗೆ ಕಲ್ಲಿನ ರುಚಿ ಕೊಡಲಾರವು. ಹಾಗಾದರೆ ಮಣ್ಣಿನ ಪಾತ್ರವೇನು? ಮುಖ್ಯವಾಗಿ ನೀರಿನ ಲೆಕ್ಕ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ಜೆರಾರ್ ಸೆಗ್ಯಾಂ ಎಂಬ ಸಂಶೋಧಕರು ದಶಕಗಳ ಕಾಲ ಹೆಸರಾಂತ ತೋಟಗಳ ನೆಲವನ್ನು ಪರೀಕ್ಷಿಸಿದರು. ಆ ಸೀಮೆಯ ಮೆಡೋಕ್ ಭಾಗದ ತೋಟಗಳದ್ದು ಗರಸು ನೆಲ. ಅಲ್ಲಿಯದೇ ಪೊಮೆರೋಲ್‌ನ ಶ್ರೇಷ್ಠ ತೋಟಗಳಲ್ಲಿ ಕೆಲವು ಇರುವುದು ಅಂಟು ಜೇಡಿಮಣ್ಣಿನ ಮೇಲೆ. ಇವೆರಡರ ಖನಿಜಗಳಲ್ಲಿ ಹೋಲಿಕೆಯೇ ಇಲ್ಲ. ಹೋಲುತ್ತಿದ್ದದ್ದು ಒಂದೇ: ಮಳೆ ಬಂದಾಗ ಬೇರಿನ ಬಳಿ ನೀರು ನಿಲ್ಲುತ್ತಿರಲಿಲ್ಲ, ಒಣಹವೆಯಲ್ಲಿ ನೀರು ಪೂರ್ತಿ ಬತ್ತುತ್ತಲೂ ಇರಲಿಲ್ಲ. ಬಳ್ಳಿಗೆ ಕೊಂಚ ಬಾಯಾರಿಕೆ ಇರಬೇಕು. ಆಗ ಅದು ಎಲೆ, ಕುಡಿ ಚಾಚುವುದನ್ನು ಬಿಟ್ಟು ಹಣ್ಣನ್ನು ಮಾಗಿಸುತ್ತದೆ. ಕಾಯಿ ಚಿಕ್ಕದಾಗಿ ರಸಕ್ಕೆ ಹೋಲಿಸಿದರೆ ಸಿಪ್ಪೆಯ ಪಾಲು ಹೆಚ್ಚುತ್ತದೆ. ಫಲವತ್ತಾದ ಕಪ್ಪು ನೆಲದಲ್ಲಿ ಸೊಂಪಾಗಿ ಹಬ್ಬಿದ ಬಳ್ಳಿ ನೋಡಲು ಚೆಂದ, ವೈನಿಗೆ ಸಪ್ಪೆ. ಸ್ಪೇನಿನ ಹೆರೆಸ್‌ನ ಬೆಳ್ಳನೆಯ ಅಲ್ಬಾರಿಸಾ ಮಣ್ಣು ಚಳಿಗಾಲದ ಮಳೆಯನ್ನು ಸ್ಪಂಜಿನಂತೆ ಹೀರಿ, ಬೇಸಿಗೆಯಲ್ಲಿ ಮೇಲ್ಪದರ ಹೆಪ್ಪುಗಟ್ಟಿ ಆ ತೇವವನ್ನು ಒಳಗೇ ಮುಚ್ಚಿಡುತ್ತದೆ. ಮಣ್ಣು ಮಾಡುವ ದೊಡ್ಡ ಕೆಲಸ ಇಂಥದ್ದು. ಇದನ್ನು ತಿಳಿದ ಮೇಲೆ ಟೆರ್ವಾರ್‌ನ ಬೆರಗು ಕಡಿಮೆಯಾಗಬೇಕಿಲ್ಲ. ನನಗಂತೂ ಹೆಚ್ಚಾಯಿತು.

ಮನುಷ್ಯರನ್ನು ಈ ಪದದೊಳಗೆ ಸೇರಿಸಬೇಕೋ ಬೇಡವೋ ಎಂಬ ಚರ್ಚೆ ಹಳೆಯದು. ಸೇರಿಸಲೇಬೇಕು ಎನ್ನುವವರ ಪರ ನಾನು. 1098ರಲ್ಲಿ ಸಿತೋ ಎಂಬಲ್ಲಿ ಮಠ ಕಟ್ಟಿದ ಸಿಸ್ಟರ್ಷಿಯನ್ ಸನ್ಯಾಸಿಗಳು ಬರ್ಗಂಡಿಯ ಇಳಿಜಾರಿನಲ್ಲಿ ತಲೆಮಾರುಗಟ್ಟಲೆ ಬಳ್ಳಿ ಬೆಳೆಸಿದರು, ತುಂಡು ತುಂಡು ನೆಲದ ಸ್ವಭಾವವನ್ನು ಅರಿತರು. ಅವರು ಕಲ್ಲಿನ ಗೋಡೆ ಕಟ್ಟಿ ಸುತ್ತುವರಿದ ಕ್ಲೋ ದ ವೂಜೋ ತೋಟ ಇಂದಿಗೂ ಇದೆ: ಸುಮಾರು 50 ಹೆಕ್ಟೇರ್, ಒಡೆಯರು ಮಾತ್ರ 80ರ ಆಸುಪಾಸು. ಗೋಡೆಯೊಳಗಿನ ಮೇಲ್ಭಾಗಕ್ಕೂ ನೀರು ನಿಲ್ಲುವ ಕೆಳಭಾಗಕ್ಕೂ ಮಣ್ಣಿನಲ್ಲಿ ಅಜಗಜಾಂತರ, ಆದರೂ ಇಡೀ ತೋಟ ಗ್ರಾಂ ಕ್ರೂ. ಕಾನೂನು ಇಲ್ಲಿ ನೆಲವನ್ನಲ್ಲ, ಗೋಡೆಯನ್ನು ಹಿಂಬಾಲಿಸಿತು! 1395ರಲ್ಲಿ ಬರ್ಗಂಡಿಯ ದೊರೆ ಫಿಲಿಪ್, ಫಸಲು ಜಾಸ್ತಿ ಕೊಡುತ್ತದೆಂದು ರೈತರು ಮೆಚ್ಚಿದ್ದ ಗಾಮೇ ತಳಿಯನ್ನು ನಿಷ್ಠೆಯಿಲ್ಲದ ಗಿಡವೆಂದು ಹಳಿದು ಕಿತ್ತುಹಾಕಲು ಆಜ್ಞೆ ಮಾಡಿದ. ಅದೇ ಗಾಮೇ ದಕ್ಷಿಣದ ಬೋಜೊಲೇಯ ಗ್ರಾನೈಟ್ ಗುಡ್ಡಗಳಲ್ಲಿ ಹೆಸರು ಮಾಡಿತು. ಬಳ್ಳಿಯದ್ದು ತಪ್ಪಿರಲಿಲ್ಲ, ನೆಲೆ ಸರಿಯಿರಲಿಲ್ಲ. ಕೋಟ್ ದೋರ್‌ನ ಹೀಗೆ ಹೆಸರಿಟ್ಟು ಗಡಿ ಗುರುತಿಸಿದ 1247 ತುಂಡುಗಳನ್ನು ‘ಕ್ಲಿಮಾ’ ಎನ್ನುತ್ತಾರೆ. 2015ರಲ್ಲಿ ಯುನೆಸ್ಕೊ ಅವುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಚಾಟನಿ ಮಾಡುವ, ಅಂದರೆ ಬಳ್ಳಿ ಸವರಿ ರೂಪ ಕೊಡುವ ಕ್ರಮವೂ ನೆಲೆಯ ಭಾಗವೇ. ಗ್ರೀಸಿನ ಸಾಂಟೊರಿನಿ ದ್ವೀಪದಲ್ಲಿ ಗಾಳಿಯ ಹೊಡೆತಕ್ಕೆ ಚಪ್ಪರ ನಿಲ್ಲದು. ಅಲ್ಲಿನವರು ಬಳ್ಳಿಯನ್ನು ನೆಲದ ಮೇಲೇ ಬುಟ್ಟಿಯಂತೆ ಸುತ್ತಿ ಹೆಣೆಯುತ್ತಾರೆ. ಗೊಂಚಲು ಆ ಬುಟ್ಟಿಯೊಳಗೆ ಬಿಸಿಲು, ಗಾಳಿ, ಹಾರುವ ಮರಳಿನಿಂದ ಮರೆಯಾಗಿ ಹಣ್ಣಾಗುತ್ತದೆ.

ಕೊಯ್ದ ಹಣ್ಣು ವೈನಾಗುವ ದಾರಿ ಸರಳ. ಯೀಸ್ಟ್ ಎಂಬ ಸೂಕ್ಷ್ಮಜೀವಿ ರಸದ ಸಕ್ಕರೆಯನ್ನು ತಿಂದು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಈ ಹುದುಗುವಿಕೆ ಜೀವಿಗಳ ಕೆಲಸವೆಂದು ಲೂಯಿ ಪಾಶ್ಚರ್ ತೋರಿಸಿಕೊಟ್ಟದ್ದು 19ನೇ ಶತಮಾನದಲ್ಲಿ. ಜಾರ್ಜಿಯಾದಲ್ಲಿ ಸಿಕ್ಕಿರುವ ಮಡಕೆಗಳ ಆಧಾರದಿಂದ ಹೇಳುವುದಾದರೆ ಮನುಷ್ಯರು ಅದನ್ನು ಸುಮಾರು 8000 ವರ್ಷಗಳಿಂದ ಬಳಸುತ್ತ ಬಂದಿದ್ದಾರೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆಗೆ ಶೇ 1ರಷ್ಟು ಮದ್ಯಸಾರ ಎಂಬುದು ಅಂದಾಜು ಲೆಕ್ಕ. ಕಪ್ಪು ದ್ರಾಕ್ಷಿಯಲ್ಲೂ ರಸ ಬಹುತೇಕ ಬಣ್ಣವಿಲ್ಲದ್ದೇ. ಸಿಪ್ಪೆಯ ಸಮೇತ ಹುದುಗಿಸಿದರೆ ಬಣ್ಣವೂ ಟ್ಯಾನಿನ್ ಎಂಬ ಒಗರೂ ಇಳಿದು ಕೆಂಪು ವೈನ್, ಮೊದಲೇ ಹಿಂಡಿ ಸಿಪ್ಪೆ ಬೇರ್ಪಡಿಸಿದರೆ ಬಿಳಿ. ಕೆಂಪು ವೈನಿನಲ್ಲಿ ಸಾಮಾನ್ಯವಾಗಿ ಇನ್ನೊಂದು ಸುತ್ತು ನಡೆಯುತ್ತದೆ: ಬ್ಯಾಕ್ಟೀರಿಯಾಗಳು ಚುರುಕಾದ ಮ್ಯಾಲಿಕ್ ಆಮ್ಲವನ್ನು ಮೆದುವಾದ ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ.

ಟೆರ್ವಾರ್ ಉಳಿಯುವುದೋ ಅಳಿಯುವುದೋ ತೀರ್ಮಾನವಾಗುವುದು ವೈನ್ ಮಾಡುವ ಮನೆಯೊಳಗೆ. ಹೊಸ ಓಕ್ ಪೀಪಾಯಿಯಲ್ಲಿ ಬಹಳ ಕಾಲ ಇಟ್ಟರೆ ವೆನಿಲಾ, ಸುಟ್ಟ ಮರದ ಘಮ ಮೇಲೆದ್ದು ಜಾಗದ ದನಿ ಮುಚ್ಚಿಹೋಗುತ್ತದೆ. ಸಕ್ಕರೆ ಸಾಲದ ರಸಕ್ಕೆ ಸಕ್ಕರೆ ಬೆರೆಸುವುದು, ಹುಳಿ ಸಾಲದಿದ್ದರೆ ಆಮ್ಲ ಸೇರಿಸುವುದು ಕೂಡ ಹಾಗೆಯೇ ವರ್ಷದ, ಜಾಗದ ಕೊರತೆಯನ್ನು ಮರೆಮಾಡುವ ಕ್ರಮಗಳು. ಇವು ಮೋಸವಲ್ಲ, ಹಲವೆಡೆ ಕಾನೂನೇ ಒಪ್ಪಿದೆ. ಆದರೆ ಇವೆಲ್ಲ ಅತಿಯಾದ ಮೇಲೂ ಲೇಬಲ್ ಮೇಲೆ ಟೆರ್ವಾರ್ ಎಂದು ಬರೆದರೆ ಆ ಮಾತಿಗೆ ತೂಕವಿರುವುದಿಲ್ಲ.

ವೈನ್ ಸೀಮೆಗಳ ಗಡಿಗಳು ಹುಟ್ಟಿದ್ದು ಬಹುಪಾಲು ಹೆಸರು ಕಾಪಾಡಿಕೊಳ್ಳಲು. ಟಸ್ಕನಿಯ ಆಳರಸ ಕೀಯಾಂಟಿಯ ಗಡಿಯನ್ನು 1716ರಲ್ಲಿ ಗೊತ್ತುಮಾಡಿದ; ಹಂಗೇರಿಯ ಟೊಕಾಯ್‌ಗೆ 1737ರಲ್ಲಿ, ಪೋರ್ಚುಗಲ್ಲಿನ ಡೌರೋ ಕಣಿವೆಗೆ 1756ರಲ್ಲಿ ಗಡಿ ಬಿತ್ತು. ಬೋರ್ಡೋದ ಪ್ರಸಿದ್ಧ 1855ರ ಶ್ರೇಣಿ ಮಾತ್ರ ನೆಲವನ್ನು ಅಳೆದು ಮಾಡಿದ್ದಲ್ಲ. ಪ್ಯಾರಿಸ್ಸಿನ ವಸ್ತುಪ್ರದರ್ಶನಕ್ಕಾಗಿ ದಲ್ಲಾಳಿಗಳು ತೋಟದ ಸಂಸ್ಥೆಗಳನ್ನು, ಅವುಗಳ ವೈನಿಗೆ ಸಿಗುತ್ತಿದ್ದ ಬೆಲೆ ನೋಡಿ ಸಾಲಾಗಿ ನಿಲ್ಲಿಸಿದ್ದು. ಫ್ರಾನ್ಸಿನಲ್ಲಿ 1935ರಲ್ಲಿ ಬಂದ ಮೂಲದ ಹೆಸರಿನ ಕಾನೂನು ಗಡಿಯ ಜೊತೆಗೆ ತಳಿ, ಇಳುವರಿ, ಚಾಟನಿಯ ಕ್ರಮವನ್ನೂ ಕಟ್ಟುಪಾಡಿಗೆ ತಂದಿತು. ಅಮೆರಿಕದ ಪದ್ಧತಿ ಇಷ್ಟು ಬಿಗಿಯಿಲ್ಲ: ಗಡಿಯೊಳಗಿನ ದ್ರಾಕ್ಷಿ ಶೇ 85 ಇದ್ದರೆ ಆ ಸೀಮೆಯ ಹೆಸರು ಹಾಕಬಹುದು, ಯಾವ ತಳಿ ಎಂಬುದು ಬೆಳೆಗಾರರಿಗೆ ಬಿಟ್ಟದ್ದು.

ಟೆರ್ವಾರ್ ಎಂಬ ಕಲ್ಪನೆಗೆ ಎರಡು ಕಠಿಣ ಪರೀಕ್ಷೆಗಳಾಗಿವೆ. 1860ರ ದಶಕದಲ್ಲಿ ಉತ್ತರ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಸಣ್ಣ ಕೀಟ ಯುರೋಪಿನ ತೋಟಗಳ ಬೇರನ್ನೇ ತಿಂದುಹಾಕಿತು. ಕೊನೆಗೆ ಸಿಕ್ಕ ಉಪಾಯ ಕಸಿ: ಕೀಟಕ್ಕೆ ಮಣಿಯದ ಅಮೆರಿಕದ ಬೇರುಸಸಿಯ ಮೇಲೆ ಯುರೋಪಿನ ಕಡ್ಡಿ. ಅಂದರೆ ಇಂದು ಬರ್ಗಂಡಿಯ ನೆಲದೊಳಗಿರುವ ಬೇರು ಬರ್ಗಂಡಿಯದ್ದಲ್ಲ. ಮಣ್ಣನ್ನು ಮುಟ್ಟುವ ಭಾಗವೇ ಬದಲಾಯಿತು, ಆದರೂ ಒಂದೊಂದು ಹೊಲದ ಹೆಸರು, ಗುಣ ಉಳಿದುಕೊಂಡವು.

ಎರಡನೆಯದು ಈಗ ನಡೆಯುತ್ತಿದೆ. ಬರ್ಗಂಡಿಯ ಬೋನ್ ಪಟ್ಟಣದ ಕೊಯ್ಲಿನ ದಿನಾಂಕಗಳ ದಾಖಲೆ 1354ರಿಂದ ಸಿಗುತ್ತದೆ. 1988ರಿಂದೀಚೆಗೆ ಅಲ್ಲಿ ಕೊಯ್ಲು ಹಿಂದಿನ ಸರಾಸರಿಗಿಂತ ಸುಮಾರು 13 ದಿನ ಮೊದಲೇ ಶುರುವಾಗುತ್ತಿದೆ. ಬಿಸಿಲೇ ಬದಲಾದರೆ ಶತಮಾನಗಳ ಕಾಲ ಬರೆದಿಟ್ಟ ಗಡಿಗಳ ಗತಿಯೇನು ಎಂಬ ಚಿಂತೆ ಬೆಳೆಗಾರರನ್ನು ಕಾಡುತ್ತಿದೆ, ಕಾಡಲೇಬೇಕಾದ ಚಿಂತೆ ಅದು. ಇತ್ತ ಶಾಂಪೇನ್ ಸೀಮೆಯ ಅಡಿಯಲ್ಲಿರುವ ಸೀಮೆಸುಣ್ಣದಂಥ ಬಿಳಿ ಕಲ್ಲಿನ ಪದರವೇ ಕಡಲಾಚೆ ದಕ್ಷಿಣ ಇಂಗ್ಲೆಂಡಿನಲ್ಲೂ ಇದೆ. ಕಲ್ಲು ಮೊದಲಿನಿಂದಲೂ ಅಲ್ಲಿತ್ತು, ಶಾರ್ಡನೇ ಮತ್ತು ಪೀನೋ ನ್ವಾರ್ ವರ್ಷವರ್ಷವೂ ತಪ್ಪದೆ ಹಣ್ಣಾಗುವಷ್ಟು ಶಾಖ ಇರಲಿಲ್ಲ. ಶಾಂಪೇನಿನ ತೇತಾಂಜೆ ಸಂಸ್ಥೆ 2015ರಲ್ಲಿ ಇಂಗ್ಲೆಂಡಿನ ಕೆಂಟ್‌ನಲ್ಲಿ ಜಮೀನು ಕೊಂಡು, 2017ರಲ್ಲಿ ಅಲ್ಲಿ ಬಳ್ಳಿ ನೆಟ್ಟಿತು.