ಬೈಂಡಿಂಗ್ ಅಂಗಡಿಯ ಹುಡುಗ

ವಿಜ್ಞಾನಿ ಮೈಕೆಲ್ ಫ್ಯಾರಡೆ ಶಾಲೆಯಲ್ಲಿ ಕಲಿತದ್ದು ಓದು, ಬರಹ, ಒಂದಿಷ್ಟು ಲೆಕ್ಕ, ಅಷ್ಟೇ. ಹುಟ್ಟಿದ್ದು 1791ರಲ್ಲಿ, ಲಂಡನ್ನಿನ ಬಡ ಕಮ್ಮಾರನ ಮಗನಾಗಿ. ಹದಿನಾಲ್ಕಕ್ಕೆ ಪುಸ್ತಕ ಬೈಂಡ್ ಮಾಡುವ ಅಂಗಡಿ ಸೇರಿದ. ಹಾಳೆ ಮಡಿಸಿ, ದಾರದಿಂದ ಹೊಲಿದು, ರಟ್ಟು ಹಾಕುತ್ತಾ ಏಳು ವರ್ಷ ಅಲ್ಲೇ ಕಳೆದ. ಬೈಂಡಿಂಗಿಗೆ ಬಂದ ಪುಸ್ತಕಗಳನ್ನು ಬಿಡುವಾದಾಗ ಓದುತ್ತಿದ್ದ. ವಿದ್ಯುತ್ತಿನ ರುಚಿ ಹತ್ತಿದ್ದು ಹಾಗೆ ಕೈಗೆ ಸಿಕ್ಕ ವಿಶ್ವಕೋಶದಿಂದ.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ವಿಜ್ಞಾನಿ ಹಂಫ್ರಿ ಡೇವಿಯವರ ಉಪನ್ಯಾಸಕ್ಕೆ ಟಿಕೆಟ್ ಕೊಟ್ಟರು. ಕೇಳಿದ್ದನ್ನೆಲ್ಲ ಬರೆದುಕೊಂಡ ಹುಡುಗ, ಸುಮಾರು 300 ಪುಟಗಳನ್ನು ತಾನೇ ಬೈಂಡ್ ಮಾಡಿ ಡೇವಿಯವರಿಗೆ ಕಳಿಸಿದ. ಮರುವರ್ಷ ಲಂಡನ್ನಿನ ವಿಜ್ಞಾನ ಸಂಸ್ಥೆ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವರ ಸಹಾಯಕನಾದ.

ತಂತಿಯಲ್ಲಿ ವಿದ್ಯುತ್ ಹರಿದರೆ ಪಕ್ಕದ ದಿಕ್ಸೂಚಿಯ ಮುಳ್ಳು ತಿರುಗುತ್ತದೆಂದು 1820ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಅರ್ಸ್ಟೆಡ್ ತೋರಿಸಿದ್ದರು. ಅಂದರೆ ವಿದ್ಯುತ್ತಿನಿಂದ ಅಯಸ್ಕಾಂತದ ಶಕ್ತಿ ಹುಟ್ಟುತ್ತದೆ. ಹಾಗಾದರೆ ಅಯಸ್ಕಾಂತದಿಂದ ವಿದ್ಯುತ್ ಹುಟ್ಟಬೇಕಲ್ಲ? ಈ ಪ್ರಶ್ನೆ ಫ್ಯಾರಡೆಯವರನ್ನು ವರ್ಷಗಟ್ಟಲೆ ಕಾಡಿತು.

1831ರ ಆಗಸ್ಟ್‌ನಲ್ಲಿ ಅವರು ಆರಿಂಚು ಅಗಲದ ಕಬ್ಬಿಣದ ಬಳೆಯೊಂದನ್ನು ತೆಗೆದುಕೊಂಡರು. ಅದರ ಎರಡು ಬದಿಗೆ ಬೇರೆ ಬೇರೆಯಾಗಿ ತಾಮ್ರದ ತಂತಿ ಸುತ್ತಬೇಕಿತ್ತು. ಈಗಿನಂತೆ ಪ್ಲಾಸ್ಟಿಕ್ ಹೊದಿಸಿದ ತಂತಿ ಆಗ ಎಲ್ಲಿತ್ತು? ಒಂದು ಸುತ್ತು ಇನ್ನೊಂದಕ್ಕೆ ತಾಗದಂತೆ ನಡುವೆ ದಾರ ಇಟ್ಟು, ಪದರಪದರಕ್ಕೂ ಹತ್ತಿ ಬಟ್ಟೆ ಸುತ್ತಿದರು. ಈ ನಾಜೂಕು ಬೈಂಡಿಂಗ್ ಅಂಗಡಿಯಲ್ಲಿ ಪಳಗಿದ ಕೈಗಳದ್ದು ಎಂದೇ ನನಗನ್ನಿಸುತ್ತದೆ.

ಒಂದು ಬದಿಯ ತಂತಿಯನ್ನು ಬ್ಯಾಟರಿಗೆ ಜೋಡಿಸಿದಾಗ ಇನ್ನೊಂದು ಬದಿಯ ತಂತಿಯ ಬಳಿಯಿದ್ದ ಮುಳ್ಳು ಪಟ್ಟನೆ ಅಲುಗಿತು. ಮತ್ತೆ ಸುಮ್ಮನಾಯಿತು. ಬ್ಯಾಟರಿ ಕಳಚಿದಾಗ ಇನ್ನೊಮ್ಮೆ ಅಲುಗಿತು, ಈ ಸಲ ಉಲ್ಟಾ ದಿಕ್ಕಿಗೆ. ನಡುವೆ ವಿದ್ಯುತ್ ಒಂದೇ ಸಮ ಹರಿಯುತ್ತಿದ್ದಾಗ ಮಾತ್ರ ಏನೂ ಇಲ್ಲ! ಗುಟ್ಟು ಅಯಸ್ಕಾಂತ ಶಕ್ತಿಯ ಬದಲಾವಣೆಯಲ್ಲಿತ್ತು. ಅಕ್ಟೋಬರ್ 17ರಂದು ತಂತಿಯ ಸುರುಳಿಯೊಳಗೆ ಅಯಸ್ಕಾಂತ ತೂರಿಸಿದರು, ಮುಳ್ಳು ಹಾರಿತು. ಹೊರಗೆಳೆದರು, ಮತ್ತೆ ಹಾರಿತು. ಒಳಗೇ ಇಟ್ಟು ಕಾದರೆ ಮುಳ್ಳು ಮಿಸುಕಲಿಲ್ಲ.

ಚಕ್ರದ ಜೊತೆ ಅಯಸ್ಕಾಂತ ತಿರುಗಿಸಿ ವಿದ್ಯುತ್ ಹುಟ್ಟಿಸುವ ಸೈಕಲ್ ಡೈನಮೋ ಉರಿಸುವ ದೀಪ ಚಕ್ರ ನಿಂತೊಡನೆ ಆರುವುದು ಇದಕ್ಕೇ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರು ಯಂತ್ರ ತಿರುಗಿಸಿ, ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ್ದೂ ಇದೇ ಗುಟ್ಟಿನಿಂದ.

ಫ್ಯಾರಡೆ ಸುತ್ತಿದ ಆ ಬಳೆ ಇಂದಿಗೂ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿದೆ, ಮಾಸಿದ ಬಟ್ಟೆ, ದಾರದ ಸಮೇತ.